ಜತೆಮನೆಯ ಕಾವು

ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ನಮ್ಮೂರಿನ ಹೆಂಗಸರು ಒಂದು ಸಲ ಬೀದಿಬಾಗಿಲಿಗೆ ಬರುತ್ತಾರೆ. ತಮ್ಮ ಜತೆಮನೆ ಯಾವ ದಿಕ್ಕಿಗಿದೆಯೋ ಅತ್ತ ಮುಖ ಮಾಡಿ, "ಕಾವು ಕಳಿಸ್ಲಾ?" ಎಂದು ಕೂಗುತ್ತಾರೆ. ಅಲ್ಲಿಂದ "ಕಳಿಸ್ರೀ" ಎಂದು ಉತ್ತರ ಬಂದರೆ ಒಳಗೆ ಹೋಗಿ ಸೂರಿನ ಕೆಳಗಿರುವ ಮೇಲುಕಿಂಡಿಯ ಹಲಗೆ ಸರಿಸುತ್ತಾರೆ. "ಒಂಚೂರು ತಡೀರಿ" ಎಂದು ಬಂದರೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಜಗಲಿಯ ಮೇಲೆ ಕೂತು ಕಾಯುತ್ತಾರೆ. ನಮ್ಮ ನಡುಮನೆಯ ಕಾವು ಮೇಲುಕಿಂಡಿಯಿಂದ ಹೊರಟರೆ ಆಕಾಶಕ್ಕೆ ಹೋಗುವುದಿಲ್ಲ. ಜತೆಮನೆಯ ನಡುಮನೆಯಲ್ಲಿ, ಗೋಡೆಯ ಬುಡದಲ್ಲಿರುವ ಕೆಳಕಿಂಡಿಯಿಂದ ಒಳಗೆ ಬರುತ್ತದೆ. ಹೊಗೆ, ವಾಸನೆ ಆಕಾಶಕ್ಕೇ ಹೋಗುತ್ತವೆ, ಬರುವುದು ಬರೀ ಕಾವು. ಅವರದು ನಮಗೆ, ನಮ್ಮದು ಅವರಿಗೆ. ಮನೆ ಕಟ್ಟುವಾಗ ಎರಡೂ ಮನೆಯವರು ಒಟ್ಟಿಗೆ ಪಾಯದ ಕಲ್ಲಿಡುತ್ತಾರೆ. ಅಲ್ಲಿಗೆ ಜತೆ ಆಯಿತು. ಆಮೇಲೆ ಮನಸ್ತಾಪ ಬಂದರೂ ಬಿಡಿಸಿಕೊಳ್ಳಲು ಬರುವುದಿಲ್ಲ. ಕೆಳಕಿಂಡಿ ಮುಚ್ಚಿಕೊಂಡರೆ ಬಂದ ಕಾವು ಕಳಿಸಿದವರಿಗೇ ಮರಳುತ್ತದೆ. ಹಾಗೆ ಮಾಡುವುದು ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ.

ಚಳಿಗಾಲದಲ್ಲಿ ಇದೊಂದು ಸುಖವೇ. ಬೆಳಗ್ಗೆ ಒಬ್ಬರು ನೀರೊಲೆ ಹೊತ್ತಿಸಿ ಕಾವು ಕಳಿಸಿದರೆ ಇನ್ನೊಬ್ಬರ ಮಕ್ಕಳು ಕೆಳಕಿಂಡಿಯ ಮುಂದೆ ಮುದುರಿ ಕೂತು ಪಾಠ ಓದುತ್ತವೆ. ಹಬ್ಬಕ್ಕೆ ನಮ್ಮ ಜತೆಯಾದ ಎದುರುಮನೆಯಲ್ಲಿ ಕರಿಯುವ ದಿನ ನನ್ನ ಅತ್ತೆ ಬದುಕಿದ್ದಾಗ, "ಕಾವೇನೋ ಪೂರ್ತಿ ಬಂತು, ಚಕ್ಕುಲಿ ಮಾತ್ರ ದಾರಿ ತಪ್ಪಿದಂಗೆ ಕಾಣ್ತದೆ" ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಸಂಜೆಗೆ ಡಬ್ಬಿ ಬರುತ್ತಿತ್ತು. ತೊಂದರೆಯೆಲ್ಲ ಬೇಸಿಗೆಯದು. ಮೇಲಿನ ಬೀದಿಯವರೊಬ್ಬರು ಒಂದು ವರ್ಷ ಎ.ಸಿ. ಹಾಕಿಸಿದರು. ಅವರ ಮನೆಯ ಕಾವಿನ ಜತೆಗೆ ಆ ಯಂತ್ರ ದುಡಿದು ಎಬ್ಬಿಸಿದ ಕಾವೂ ಸೇರಿ ಜತೆಮನೆಗೆ ನುಗ್ಗಿ, ಅಲ್ಲಿ ದೇವರ ಗೂಡಿನ ಮೇಣದ ಬೊಂಬೆಗಳು ಕರಗಿ ಬಿದ್ದವು. ಆ ಮನೆಯವರು ಯಾರನ್ನೂ ಬೈಯಲಿಲ್ಲ. ಚಾಪೆ, ದಿಂಬು, ಅಡುಗೆ ಪಾತ್ರೆ ತಂದು ಬೀದಿಯಲ್ಲಿ ಹರಡಿಕೊಂಡು ಸಂಸಾರ ಹೂಡಿದರು. ಎ.ಸಿ. ಬೇರೆ ಊರಿಗೆ ಮಾರಾಟವಾಯಿತು.

ನನ್ನ ಮಗಳು ಚಂಪಕಳಿಗೆ ಬೆವರು ಬರುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಡಾಕ್ಟರು ಅವಳ ಚರ್ಮ ನೋಡಿ, ಒಸಡು ನೋಡಿ, "ಇದಕ್ಕೆ ಔಷಧಿ ಇಲ್ಲಮ್ಮ. ತಂಪಾಗಿಡಿ, ಅಷ್ಟೇ" ಎಂದಿದ್ದರು. ಆ 'ಅಷ್ಟೇ' ಎಷ್ಟು ದೊಡ್ಡದು ಎಂದು ನನಗೆ ಮೊದಲ ಬೇಸಿಗೆಯಲ್ಲೇ ತಿಳಿಯಿತು. ಬೇರೆ ಮಕ್ಕಳು ಆಡಿ ಬಂದರೆ ಕೂದಲು ಒದ್ದೆಯಾಗಿ ಹಣೆಗೆ ಅಂಟಿರುತ್ತದೆ. ಇವಳದು ಒಣಗಿದ ಹಣೆ, ಕೆಂಪು ಕೆನ್ನೆ. ಮೈಯೊಳಗಿನ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಕೋಣೆ ಬಿಸಿಯಾದರೆ ಇವಳೂ ಬಿಸಿಯಾಗುತ್ತಾಳೆ, ಕಣ್ಣು ತೇಲಿಸುತ್ತಾಳೆ. ಆಗ ಒದ್ದೆ ಬಟ್ಟೆ ಹೊದಿಸಿ, ಮೇಲುಕಿಂಡಿ ತೆರೆದು, ಬೀಸಣಿಗೆ ಹಿಡಿದು ಕೂರಬೇಕು. ಅನ್ನ ಬಸಿಯುವಾಗ, ಬಟ್ಟೆ ಒಗೆಯುವಾಗ, ಯಾರ ಜತೆಗೋ ಮಾತಾಡುವಾಗ ನನ್ನ ಒಂದು ಕೈ ಅವಳ ಹಣೆಯ ಮೇಲೆಯೇ ಇರುತ್ತದೆ ಎಂದು ಮನೆಯವರು ತಮಾಷೆ ಮಾಡುತ್ತಾರೆ. ತಮಾಷೆ ಮಾಡಿ ತಾವೂ ಮುಟ್ಟಿ ನೋಡುತ್ತಾರೆ.

ಇಷ್ಟು ಬೇಸಿಗೆಗಳನ್ನು ನಾವು ದಾಟಿದ್ದು ಎದುರುಮನೆಯ ನಾಗವೇಣಿಯಿಂದ. ಅವಳು ಬಸಲಿಂಗಮ್ಮನ ಸೊಸೆ, ನಮ್ಮ ಬೀದಿಗೆಲ್ಲ ರವಿಕೆ ಹೊಲಿಯುವವಳು. ನಾನು ಕೂಗಿ ಮುಗಿಸುವ ಮೊದಲೇ "ಕಳಿಸ್ರೀ ಅಕ್ಕ" ಎನ್ನುತ್ತಿದ್ದಳು. ನಮ್ಮ ಕಾವು ಅವಳ ನಡುಮನೆ ತುಂಬಿದರೆ ಹೊಲಿಗೆ ಮಿಷನ್ನನ್ನು ಜಗಲಿಗೆ ಎಳೆದುಕೊಂಡು ಬಂದು ಅಲ್ಲೇ ಪೆಡಲು ತುಳಿಯುತ್ತಿದ್ದಳು. ನಾನು ಮುಖ ಸಣ್ಣದು ಮಾಡಿ ನಿಂತರೆ, "ಒಳಗೆ ಹಪ್ಪಳ ಹರವಿದೀನಿ ಕಣಕ್ಕ. ಬಿಸಿಲು ಕಾಯೋ ಕೆಲಸ ಇಲ್ಲ, ಕಾಗೆ ಓಡಿಸೋ ಕೆಲಸ ಇಲ್ಲ. ಇನ್ನೂ ಇದ್ರೆ ಕಳಿಸಿ" ಎನ್ನುತ್ತಿದ್ದಳು. ಮದುವೆಯಾಗಿ ಬಹಳ ಕಾಲದ ಮೇಲೆ ಅವಳು ಬಸುರಿಯಾದಳು ಎಂದು ತಿಳಿದ ದಿನ ನಾನು ಸಕ್ಕರೆ ಹಂಚಿದೆ. ಮನೆಗೆ ಬಂದು ಕೂತು ತಿಂಗಳು ಎಣಿಸಿದೆ. ಬರುವ ಬೇಸಿಗೆಗೆ ಅವಳಿಗೆ ದಿನ ತುಂಬುತ್ತಿರುತ್ತದೆ. ಬಸುರಿಯ ಮನೆಗೆ, ಬಾಣಂತಿಯ ಮನೆಗೆ ದಿನವೂ ಕಾವು ತುಂಬಲು ಯಾವ ಬಾಯಲ್ಲಿ ಕೇಳುವುದು? ಕೇಳದಿದ್ದರೆ ಚಂಪಕಳ ಗತಿಯೇನು?

ನನ್ನ ನಾದಿನಿ ಅರುಂಧತಿ ಕಟ್ಟಡಗಳ ಗಾಳಿಗೂ ಕಾವಿಗೂ ನಕ್ಷೆ ಹಾಕುವ ಇಂಜಿನಿಯರು. ಹೊಸ ಶಾಲೆಗೆ, ಗ್ರಂಥಾಲಯಕ್ಕೆ ಅವಳೇ ಹಾಕಿದ್ದು. ಕರೆಂಟು ಸುಡದೆ, ಜತೆಕಟ್ಟಡಕ್ಕೆ ಭಾರವಾಗದೆ ಒಂದು ಕಟ್ಟಡ ತಾನೇ ತಂಪಾಗಿರುವಂತೆ ಮಾಡುವುದು ಅವಳ ಕೆಲಸ. ಚಳಿಗಾಲ ಮುಗಿಯುವ ಮೊದಲೇ ಅವಳನ್ನು ಕರೆದೆ. ಬಂದವಳು ಕಾಫಿಯನ್ನೂ ಕುಡಿಯದೆ ಗೋಡೆಗೋಡೆಗೆ ಅಂಗೈ ಒತ್ತುತ್ತಾ ಮನೆ ಸುತ್ತಿದಳು.

"ಅತ್ತಿಗೆ, ನೀವೆಲ್ಲ ಕಾವು ಕಳಿಸೋದನ್ನೇ ಯೋಚನೆ ಮಾಡ್ತೀರಿ. ಅದು ಒಳಗೆ ಬರೋದು ಎಲ್ಲಿಂದ ಅಂತ ಒಂದು ದಿನ ಕೇಳಿದೀರಾ? ಒಳಗೇ ಬರದಿದ್ರೆ ಕಳಿಸೋ ಪ್ರಮೇಯ ಎಲ್ಲಿಂದ?"

"ಎಲ್ಲಿಂದ ಬರುತ್ತಮ್ಮ? ಬಿಸಿಲಿಂದ."

"ಬಿಸಿಲು ಎಲ್ಲರಿಗೂ ಇದೆ. ನಿಮ್ಮ ತಾರಸಿ ನೋಡಿ, ಕಪ್ಪಗೆ ಪಾಚಿ ಕಟ್ಟಿದೆ. ಈ ಮನೇಲಿ ಎಲ್ಲದಕ್ಕಿಂತ ದೊಡ್ಡ ಒಲೆ ಅದು. ಎರಡನೇದು ಪಡುವಣ ಗೋಡೆ. ಮೂರನೇದು ನಿಮ್ಮ ಅಡುಗೆಮನೆ."

"ಅಡುಗೆಮನೇನ ಏನು ಮಾಡ್ಲಿ? ಹಿತ್ತಲಿಗೆ ಎತ್ತಿಡ್ಲಾ?"

"ಅದೇ ಹೇಳೋಣ ಅಂತಿದ್ದೆ."

"ಹಂಗಾದ್ರೆ ನಾನೂ ಹಿತ್ತಲಲ್ಲೇ ಇರ್ತೀನಿ ಬಿಡು."

"ಒಳ್ಳೇದೇ ಆಯ್ತು. ಒಬ್ಬ ಮನುಷ್ಯ ಸುಮ್ಮನೆ ಕೂತ್ರೂ ಹಳೇ ಕಾಲದ ಒಂದು ಬಲ್ಬಿನಷ್ಟು ಕಾವು. ನಿಮ್ಮನ್ನೂ ಅಣ್ಣನ್ನೂ ಲೆಕ್ಕಕ್ಕೆ ಹಿಡಿದಿದೀನಿ. ಅಣ್ಣ ಮಾತು ಜಾಸ್ತಿ, ಒಂದೂವರೆ ಬಲ್ಬು."

ನಗುನಗುತ್ತಲೇ ಮನೆಯನ್ನು ಬಿಚ್ಚಿ ಹಾಕಿದಳು. ತಾರಸಿಯ ಪಾಚಿ ಕೆರೆಸಿ ಸುಣ್ಣ ಬಳಿಸಿ, ಅದರ ಮೇಲೆ ಗಾಳಿ ಓಡಾಡುವಷ್ಟು ಎತ್ತರ ಬಿಟ್ಟು ಬಿದಿರು ತಟ್ಟಿಯ ಚಪ್ಪರ ಹಾಕಿಸಿದಳು. ಪಡುವಣ ಗೋಡೆಗೆ ಹಾಗಲಬಳ್ಳಿ ಹಬ್ಬಲು ತಂತಿ ಕಟ್ಟಿಸಿದಳು. ಒಲೆ ಹಿತ್ತಲ ಮಾಡಿನ ಕೆಳಗೆ ಹೋಯಿತು. ಮಳೆ ಬಂದರೆ ಸಾರಿನ ಪಾತ್ರೆ ಸೆರಗಲ್ಲಿ ಮುಚ್ಚಿಕೊಂಡು ಓಡಬೇಕು ಎಂದು ನಾನು ಗೊಣಗಿದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಕೊನೆಯಲ್ಲಿ ಹುಣಸೆಮರದ ನೆರಳಿನಿಂದ ಒಂದು ಮಣ್ಣಿನ ಕೊಳವೆ. ಆಳು ಇಳಿದರೆ ತಲೆ ಕಾಣದಷ್ಟು ಆಳದಲ್ಲಿ ಹಿತ್ತಲನ್ನೆಲ್ಲ ಸುತ್ತಿ ಬಂದು, ಚಂಪಕ ಮಲಗುವ ನಡುಮನೆಯ ನೆಲದಲ್ಲಿ ಬಾಯಿ ತೆರೆಯಿತು. ಗಾಳಿ ತನ್ನ ಕಾವನ್ನು ಮಣ್ಣಿನಲ್ಲಿ ಬಿಟ್ಟು ಒಳಗೆ ಬರುತ್ತದೆ. ಹೊಸ್ತಿಲು ದಾಟದ ಕಾವು ಯಾರ ಮನೆಯದೂ ಅಲ್ಲ, ಅದು ಜತೆಮನೆಗೆ ಹೋಗುವುದಿಲ್ಲ.

"ಇನ್ನೊಂದು," ಎಂದಳು ಅರುಂಧತಿ. "ಮೇಲುಕಿಂಡಿ ಇನ್ನು ಮೇಲೆ ಹಗಲೂ ರಾತ್ರಿ ನಾಲ್ಕು ಬೆರಳಗಲ ತೆರೆದೇ ಇರಬೇಕು."

ನನಗೆ ಬೆವರು ಬಂತು. "ಹಗಲೂ ರಾತ್ರಿ? ಕೇಳದೇನಾ?"

"ಅದರಿಂದ ಹೋಗೋ ಕಾವು ಮೊದಲಿನದರ ಕಾಲು ಭಾಗವೂ ಇರಲ್ಲ ಅತ್ತಿಗೆ. ಬರೀ ಬೆಚ್ಚಗೆ ಅಷ್ಟೇ."

ನಾನು ಅವಳನ್ನು ಕರೆದುಕೊಂಡು ಎದುರುಮನೆಗೆ ಹೋಗಿ ಕೇಳಿದೆ. ನಾಗವೇಣಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಇಷ್ಟು ವರ್ಷ ನಿಮ್ಮನೆ ಬೆಂಕಿ ತಿಂದೋಳು ನಾನು. ಬೆಚ್ಚಗೆ ಬಂದ್ರೆ ಬಂದಿದ್ದೇ ಗೊತ್ತಾಗಲ್ಲ. ಇರ್ಲಿ ಬಿಡ್ರಿ." ಅವಳ ಅತ್ತೆ ಬಸಲಿಂಗಮ್ಮ ಮಾತ್ರ, "ಕೇಳದೆ ತೆರೆದಿಡೋ ಕಿಂಡಿ ನಾನಂತೂ ನೋಡಿಲ್ಲ" ಎಂದು ಅಡಿಕೆ ಕತ್ತರಿಸುತ್ತಾ ಹೇಳಿದರು. ಆ ಮಾತು ನನ್ನಲ್ಲಿ ಉಳಿಯಿತು.

ಬೇಸಿಗೆ ಬಂತು. ಮೊದಲ ದಿನಗಳಲ್ಲಿ ನನಗೆ ನಂಬಿಕೆಯೇ ಬರಲಿಲ್ಲ. ಹೊರಗೆ ಅಂಗಳದ ಕಲ್ಲು ಕಾಲು ಸುಡುತ್ತಿದ್ದರೆ ಒಳಗೆ ನೆಲದ ಬಾಯಿಂದ ತಣ್ಣನೆಯ ಗಾಳಿ ಕಾಲ ಸಂದಿಯಲ್ಲಿ ಹರಿಯುತ್ತಿತ್ತು. ಚಂಪಕ ಕೊಳವೆಯ ಬಾಯಿಗೆ ಗೊಂಬೆಗಳನ್ನು ಸಾಲಾಗಿ ಕೂರಿಸಿ, "ಸೆಕೆ ಆಯ್ತಾ ಪುಟ್ಟ? ತಡಿ, ಗಾಳಿ ಬರುತ್ತೆ" ಎಂದು ನನ್ನ ದನಿಯಲ್ಲೇ ಹೇಳುತ್ತಿದ್ದಳು. ನಾನು ಬೀಸಣಿಗೆ ಕೆಳಗಿಟ್ಟು ಹೂ ಕಟ್ಟಿದ ಮಧ್ಯಾಹ್ನಗಳೂ ಇದ್ದವು.

ಆ ನಡುವೆ ನಾಗವೇಣಿಗೆ ದಿನ ತುಂಬುವ ಬಹಳ ಮುಂಚೆಯೇ ಹೆರಿಗೆಯಾಯಿತು. ಗಂಡುಮಗು, ಬಹಳ ಚಿಕ್ಕದಂತೆ. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಬಾಣಂತಿ ಕೋಣೆಗೆ ಹೊರಗಿನವರು ಹೋಗುವಂತಿಲ್ಲ. ಆಟೋದಿಂದ ಇಳಿಯುವಾಗ ಬಸಲಿಂಗಮ್ಮನ ಎದೆಗೆ ಒತ್ತಿಕೊಂಡಿದ್ದ ಬಿಳಿ ಗಂಟೊಂದನ್ನು ಮಾತ್ರ ನಾನು ಈ ಕಡೆಯಿಂದ ಕಂಡೆ. ಅಷ್ಟು ಚಿಕ್ಕ ಜೀವ, ಇಂಥಾ ಬೇಸಿಗೆ. ಒಳಗೆ ಬಂದು ನೋಡಿದರೆ ನಮ್ಮ ಮೇಲುಕಿಂಡಿ ನಾಲ್ಕು ಬೆರಳು ಬಾಯಿ ತೆರೆದುಕೊಂಡು ನಿಂತಿತ್ತು. ಅದರಿಂದ ಹೋಗುವುದು ಬರೀ ಬೆಚ್ಚಗೆ ಎಂದು ಅರುಂಧತಿ ಹೇಳಿದ್ದಳು. ಬೆಚ್ಚಗೆ ಎನ್ನುವುದು ದೊಡ್ಡವರ ಮೈಗೆ. ನನ್ನ ಮಗಳು ಕೂಸಾಗಿದ್ದಾಗ ಆ 'ಬೆಚ್ಚಗೆ' ಅವಳನ್ನು ಏನು ಮಾಡುತ್ತಿತ್ತು ಎಂದು ನನಗೆ ಗೊತ್ತಿತ್ತು. ಕೇಳೋಣವೆಂದರೆ ನಾಗವೇಣಿ ಎಂದೂ ಬೇಡ ಎಂದವಳಲ್ಲ. ಅವಳ "ಕಳಿಸ್ರೀ ಅಕ್ಕ"ದಲ್ಲಿ ನಂಬಿಕೆ ಇಡುವುದಾದರೂ ಹೇಗೆ? ಕುರ್ಚಿ ಹಾಕಿ ಹತ್ತಿ, ಇವರ ಹಳೇ ಲುಂಗಿಯನ್ನು ಮಡಿಸಿ ಮೇಲುಕಿಂಡಿಗೆ ಬಿಗಿಯಾಗಿ ತುರುಕಿ ಇಳಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಅನ್ನಿಸಲಿಲ್ಲ.

ಎರಡು ಮೂರು ದಿನ ಏನೂ ಆಗಲಿಲ್ಲ. ಆಮೇಲೆ ಮನೆಯ ಗಾಳಿ ದಪ್ಪವಾದಂತೆ ಅನ್ನಿಸತೊಡಗಿತು. ಬೆಳಗ್ಗೆ ಎದ್ದರೆ ತಲೆ ಭಾರ. ಗೋಡೆಗಳೇನೋ ತಣ್ಣಗಿದ್ದವು, ಆದರೆ ಚಂಪಕ ಗೊಂಬೆಗಳನ್ನು ಕೂರಿಸುವುದು ಬಿಟ್ಟು ಅಲ್ಲೇ ಒರಗಿ ತೂಕಡಿಸುತ್ತಿದ್ದಳು. ನೋಡಿ, ತಂಪಿಗೆ ಮಗು ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾಳೆ ಎಂದು ನಾನೇ ಇವರಿಗೆ ತೋರಿಸಿದೆ. ಮೆಲ್ಲಗೆ ಆ ತಂಪೂ ಹೋಯಿತು. ಕೊಳವೆಯ ಬಾಯಿಗೆ ಕೈಯಿಟ್ಟರೆ ಏನೂ ತಾಕುತ್ತಿರಲಿಲ್ಲ. ಅರುಂಧತಿ ದೂರದಲ್ಲೊಂದು ಕಟ್ಟಡದ ಕೆಲಸದಲ್ಲಿದ್ದಳು. ನಾದಿನಿಯ ಮಾತು ಕೇಳಿ ಹಣೆ ಒಡೆದುಕೊಂಡೆ ಎಂದು ಒಳಗೊಳಗೇ ಅವಳ ಮೇಲೆ ಸಿಟ್ಟು ಮಾಡಿಕೊಂಡೆ.

ಅದರ ಮೇಲೆ ಒಂದು ಬೆಳಗ್ಗೆ ನಮ್ಮ ಕೆಳಕಿಂಡಿಯಿಂದ ಕಾವು ಬಂತು. ಯಾರೂ ಕೇಳಿರಲಿಲ್ಲ. ಗುಡಿಸುತ್ತಿದ್ದವಳ ಕಣಕಾಲಿಗೆ ಬಿಸಿ ತಾಕಿ ಪೊರಕೆ ಬಿಟ್ಟು ನಿಂತೆ. ಅಡುಗೆಯ ಕಾವಾದರೆ ಸ್ವಲ್ಪ ಹೊತ್ತು ಬಂದು ಹೋಗುತ್ತದೆ. ಇದು ನಿಲ್ಲಲಿಲ್ಲ. ಬೀದಿಗೆ ಬಂದು ನೋಡಿದೆ. ಎದುರುಮನೆಯ ಬಾಗಿಲು ಮುಚ್ಚಿತ್ತು. ಕೆಲಸಕ್ಕೆ ಹೊರಟಿದ್ದ ನನ್ನ ಗಂಡ ಚಪ್ಪಲಿ ಹಾಕಿಕೊಂಡ ಕಾಲಲ್ಲೇ ಒಳಗೆ ಬಂದು ಕೆಳಕಿಂಡಿಯ ಮುಂದೆ ಕೂತರು.

"ಅವರು ಒಂದು ಮಾತು ಕೇಳಿದ್ರಾ?"

"ಇಲ್ಲ."

"ನಮ್ಮ ಮಗಳ ವಿಷಯ ಗೊತ್ತಿದ್ದೂ?"

"ಬಾಣಂತಿ ಮನೆ, ಏನೋ ನೀರು ಕಾಯಿಸ್ತಿರ್ತಾರೆ."

"ಇಷ್ಟು ಹೊತ್ತು ಕಾಯಿಸೋಕೆ ಅದೇನು ಕೆರೆ ನೀರಾ?" ಎಂದು ಎದ್ದು ಹೋದರು. ಅವರ ಸಿಟ್ಟಿಗಿಂತ ನನ್ನ ಯೋಚನೆ ಕೆಟ್ಟದಾಗಿತ್ತು. ಇಷ್ಟು ವರ್ಷ ನಗುತ್ತಾ ತಿಂದ ಕಾವನ್ನು ಈಗ ನಾಗವೇಣಿ ಒಟ್ಟಿಗೆ ತಿರುಗಿ ಕಳಿಸುತ್ತಿದ್ದಾಳೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಆ ಯೋಚನೆ ಹೋಗಲಿಲ್ಲ. ಕೆಳಕಿಂಡಿಗೆ ಅಡ್ಡವಾಗಿ ಮಣೆ ಇಡಲು ಎತ್ತಿಕೊಂಡೆ. ಮುಚ್ಚಿದರೆ ಅಷ್ಟೂ ಆ ಗೇಣುದ್ದದ ಕೂಸಿಗೆ ಮರಳುತ್ತದೆ. ಮಣೆ ಹಿಡಿದುಕೊಂಡು ನಿಂತೇ ಇದ್ದೆ. ಆಮೇಲೆ ಅದನ್ನು ಗೋಡೆಗೆ ಒರಗಿಸಿ ಚಂಪಕಳಿಗೆ ಬಟ್ಟೆ ಒದ್ದೆ ಮಾಡಲು ಹೋದೆ.

ಮರುದಿನವೂ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಚಂಪಕಳ ಕೆನ್ನೆ ಒಣಗಿ ಕೆಂಡವಾಯಿತು. ಹೆಸರು ಹಿಡಿದು ಕರೆದರೆ ಎಲ್ಲೋ ದೂರದಿಂದ ಓಗೊಟ್ಟಂತೆ "ಹೂಂ" ಎನ್ನುತ್ತಿದ್ದಳು. ಒದ್ದೆ ಬಟ್ಟೆ ಮೈಮೇಲೆ ಹಾಕಿದ ಸ್ವಲ್ಪ ಹೊತ್ತಿಗೇ ಬಿಸಿಯಾಗುತ್ತಿತ್ತು. ಹಿತ್ತಲ ನೆರಳಿಗೆ ಎತ್ತಿಕೊಂಡು ಹೋದರೆ ಅಲ್ಲಿ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಾನು ಬೆಳಗ್ಗೆ ಹೇಳಿಕಳಿಸಿದ್ದಕ್ಕೆ ಅರುಂಧತಿ ಆ ಹೊತ್ತಿಗೆ ಧೂಳು ಮುಖದಲ್ಲೇ ಬಂದಳು. ಮಗುವನ್ನು ನೋಡಿದವಳೇ ದೇವರ ಗೂಡಿನಿಂದ ಊದುಬತ್ತಿ ತಂದು ಹಚ್ಚಿ ಕೊಳವೆಯ ಬಾಯಿಗೆ ಹಿಡಿದಳು. ಹೊಗೆ ನೂಲಿನಂತೆ ನೆಟ್ಟಗೆ ನಿಂತಿತು.

"ಗಾಳಿ ಬರ್ತಾನೇ ಇಲ್ಲ. ಒಳಗಿಂದ ಹೋಗದಿದ್ರೆ ಹೊರಗಿಂದ ಹೇಗೆ ಬರುತ್ತೆ?" ಎಂದು ತಲೆ ಎತ್ತಿದಳು. ಲುಂಗಿಯ ಅಂಚು ಮೇಲುಕಿಂಡಿಯಿಂದ ಇಣುಕುತ್ತಿತ್ತು.

"ಯಾರು ತುರುಕಿದ್ದು?"

"ನಾನೇ."

"ಅತ್ತಿಗೆ! ಹೇಳಿದ್ದೆನಲ್ಲ. ಮನೆಗೆ ಮೂಗು ಇಟ್ಟರೆ ಸಾಲದು, ಉಸಿರು ಬಿಡೋಕೂ ದಾರಿ ಬೇಕು. ಇಷ್ಟು ದಿನ ನೀವು ಬಿಟ್ಟ ಉಸಿರನ್ನೇ ನೀವು ಕುಡೀತಿದೀರಿ. ಮಗು ತೂಕಡಿಸ್ತಿಲ್ಲ, ಅವಳಿಗೆ ಗಾಳಿ ಸಾಲ್ತಿಲ್ಲ. ತೆಗೀತೀನಿ ಇರಿ."

"ಬೇಡ," ಎಂದು ಅವಳು ಎಳೆದ ಕುರ್ಚಿ ಹಿಡಿದುಕೊಂಡೆ. "ಈಗ ಇಲ್ಲಿರೋ ಕಾವು ನೋಡು. ಇದೆಲ್ಲ ಒಟ್ಟಿಗೆ ಅಲ್ಲಿಗೆ ಹೋದ್ರೆ? ಅಲ್ಲೊಂದು ಕೂಸು ಇದೆ."

"ಇಲ್ಲೊಂದು ಇದೆ!"

"ಎರಡೂ ಗೊತ್ತು ನನಗೆ."

ಅರುಂಧತಿ ಕುರ್ಚಿಯಿಂದ ಕೈ ತೆಗೆದಳು. ದನಿ ತಗ್ಗಿಸಿ, "ಹಾಗಾದ್ರೆ ಹೋಗಿ ಕೇಳಿ. ನಾನು ಇವಳ ಹತ್ತಿರ ಇರ್ತೀನಿ. ಬೇಗ ಅತ್ತಿಗೆ" ಎಂದಳು.

ಬೀದಿ ದಾಟಿದ್ದು ಎಂಟು ಹೆಜ್ಜೆ ಇರಬಹುದು, ಕಾಲಿಗೆ ಚಪ್ಪಲಿ ಇರಲಿಲ್ಲ ಎಂದು ಆ ಕಡೆ ತಲುಪಿದ ಮೇಲೆ ಗೊತ್ತಾಯಿತು. ಬಾಗಿಲು ತೆಗೆದ ಬಸಲಿಂಗಮ್ಮನ ಕೈ ಮಸಿಯಾಗಿತ್ತು. ನನ್ನನ್ನು ಕಂಡು ಅವರ ಮುಖ ಇಳಿಯಿತು.

"ಕಾವು ಕಳಿಸ್ತಿದೀರಲ್ಲಮ್ಮ," ಎಂದೆ. ಬೈಯಬೇಕೆಂದು ಬಂದಿರಲಿಲ್ಲ, ಆದರೂ ದನಿ ಹಾಗೇ ಬಂತು. "ಚಂಪಿ ಕಣ್ಣೇ ಬಿಡ್ತಿಲ್ಲ. ಒಂದು ಮಾತು ಕೇಳಬಹುದಿತ್ತು."

"ಏನಂತ ಕೇಳ್ಲಿ ಶಕುಂತಲ?" ಎಂದರು ಬಸಲಿಂಗಮ್ಮ. "ಕೇಳಿದ್ರೆ ನೀನು ತಡೀರಿ ಅಂತಿದ್ದೆ. ಅನ್ನಲೇಬೇಕು, ನಿನಗೂ ಮಗು ಐತೆ. ನೀನು ತಡೀರಿ ಅಂದ ಮೇಲೆ ನಾವು ಕಿಂಡಿ ತೆರೆಯಂಗಿಲ್ಲ. ನಾವು ತಡೀತೀವಿ, ಆ ಕೂಸು ತಡೀತದಾ?"

"ಕೂಸಿಗೆ ಏನಾಗಿದೆ?"

ಅವರು ಬಾಗಿಲಿಂದ ಸರಿದು ನಿಂತರು. ಹೊರಗಿನವರು ಹೋಗುವಂತಿಲ್ಲ ಎನ್ನುವುದನ್ನು ಅವರೂ ಮರೆತರು, ನಾನೂ ಮರೆತೆ. ನಡುಮನೆಯಲ್ಲಿ ಎರಡು ಅಗ್ಗಿಷ್ಟಿಕೆ ತುಂಬ ಇದ್ದಿಲು ಉರಿಯುತ್ತಿತ್ತು. ಗೋಡೆಯ ಬುಡಕ್ಕೆ, ಕೆಳಕಿಂಡಿಗೆ ಒತ್ತಿ ಹಾಕಿದ ಮಂಚದ ಮೇಲೆ ನಾಗವೇಣಿ ಕೂತಿದ್ದಳು. ರವಿಕೆಯೊಳಗೆ ಎದೆಗೆ ಸೇರಿಸಿಕೊಂಡಿದ್ದ ಮಗುವಿನ ತಲೆ ಕಿತ್ತಳೆಹಣ್ಣಿನಷ್ಟಿತ್ತು. ನನ್ನನ್ನು ನೋಡಿ ಅವಳು ಆ ಮಗುವಿನ ಕೈಯೊಂದನ್ನು ಹೊರಗೆ ತೆಗೆದು ಚಾಚಿದಳು. ಮುಟ್ಟಿದೆ. ಅಷ್ಟು ಬೆಂಕಿಯ ನಡುವೆ ಆ ಕೈ ತಣ್ಣಗಿತ್ತು.

"ಬೆಚ್ಚಗಿಡಿ, ಅಷ್ಟೇ, ಅಂದ್ರು ಡಾಕ್ಟರು," ಎಂದಳು ನಾಗವೇಣಿ. "ಮೊದಲು ಎದೆಗೆ ಅವಚಿಕೊಂಡೇ ದಿನ ತಳ್ಳಿದೆ, ನಿನ್ನೆಯಿಂದ ಅದೂ ಸಾಲದೆ ಬೆಂಕಿ ಹಾಕಿದ್ವಿ. ಇದ್ದಿಲ ಹೊಗೆಗೆ ಉಸಿರು ಕಟ್ಟುತ್ತೆ ಅಂತ ಮೇಲುಕಿಂಡಿ ತೆಗೀತೀವಿ. ತೆಗೆದ್ರೆ ಕಾವೆಲ್ಲ ನಿಮ್ಮ ಕಡೆ ಓಡುತ್ತೆ. ಮತ್ತೆ ಇದ್ದಿಲು ಹಾಕ್ತೀವಿ. ಎಷ್ಟು ಹಾಕಿದ್ರೂ ನಿಲ್ಲಲ್ಲ ಅಕ್ಕ. ಚಂಪಿಗೆ ಏನಾಗ್ತಿರಬಹುದು ಅಂತ ಗೊತ್ತಿದ್ದೇ ಹಾಕಿದೆ. ನನ್ನ ಬೈಯಿರಿ."

ನಾನು ಆ ಪುಟ್ಟ ಕೈಯನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದೆ.

"ನಿಮ್ಮ ಬೆಚ್ಚನೆ ಕಾವು ಹಗಲೂ ರಾತ್ರಿ ಬರ್ತಿತ್ತಲ್ಲ, ಅದಕ್ಕೇ ಮಂಚ ಇಲ್ಲಿ ಹಾಕ್ಸಿದ್ದೆ. ಇದೇ ಸಾಕು, ಬೆಂಕಿ ಗಿಂಕಿ ಬೇಡ ಅಂದ್ಕೊಂಡಿದ್ದೆ. ಕೂಸು ಮನೆಗೆ ಬಂದ ದಿನ ಕೈ ಇಟ್ಟು ನೋಡ್ತೀನಿ, ಏನೂ ಇಲ್ಲ."

"ಅವತ್ತೇ ನಾನು ಕಿಂಡಿಗೆ ಬಟ್ಟೆ ತುರುಕಿದ್ದು," ಎಂದೆ.

"ಯಾಕಕ್ಕ?"

"ಕೂಸಿಗೆ ಸೆಕೆ ಆದೀತು ಅಂತ."

ನಾಗವೇಣಿ ನಗುತ್ತಾಳೋ ಅಳುತ್ತಾಳೋ ಎಂದು ನೋಡಿದೆ. ಎರಡೂ ಮಾಡಲಿಲ್ಲ. "ಕಳಿಸಿ ಅಂತ ನಾನೇ ಕೂಗಬಹುದಿತ್ತು," ಎಂದಳು. "ಬಾಗಿಲ ತನಕ ಹೋಗಿದ್ದೆ ಅಕ್ಕ. ಯಾರಾದ್ರೂ ಕಾವು ಬೇಕು ಅಂತ ಕೂಗಿದ್ದು ಈ ಊರಲ್ಲಿ ಕೇಳಿದೀರಾ? ಬಾಯೇ ಬರಲಿಲ್ಲ."

ನಿಜ. ಕೊಡುವವರು ಕೇಳುತ್ತಾರೆ, ತಗೊಳ್ಳುವವರು ಹೂಂ ಎನ್ನುತ್ತಾರೆ ಅಥವಾ ತಡೀರಿ ಎನ್ನುತ್ತಾರೆ. ಬೇಕು ಎಂದು ತಾನಾಗಿ ಬೀದಿಗೆ ಬಂದವರನ್ನು ನಾನೂ ಕಂಡಿರಲಿಲ್ಲ. ಯೋಚಿಸುತ್ತಾ ನಿಲ್ಲುವ ಹೊತ್ತಲ್ಲ ಅದು. ಬಾಗಿಲಿಗೆ ಬಂದು, "ಅರುಂಧತೀ, ಬಟ್ಟೆ ಕಿತ್ತು ಹಾಕು! ಪೂರ್ತಿ ತೆಗಿ!" ಎಂದು ಕೂಗಿದೆ. ಅಕ್ಕಪಕ್ಕದ 'ಒಂಚೂರು ತಡೀರಿ'ಗಳೆಲ್ಲ ಗಪ್ಪಾದವು.

ಆಮೇಲಿನದು ಊರು ಇಂದಿಗೂ ಹೇಳಿಕೊಂಡು ನಗುವ ಕಥೆ. ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ಇದ್ದಿಲು ಒಮ್ಮೆಗೇ ತೆಗೆದರೆ ಕೂಸು ತಣ್ಣಗಾಗುತ್ತದೆ, ತೆಗೆಯದಿದ್ದರೆ ಚಂಪಕ ತಂಪಾಗುವುದಿಲ್ಲ. ಅರುಂಧತಿ ನಮ್ಮ ಬಾಗಿಲಲ್ಲಿ ನಿಂತು, "ಮೊದಲು ನಿಮ್ಮ ಮೇಲುಕಿಂಡಿ ಎರಡು ಬೆರಳಿಗೆ ಇಳಿಸಿ! ಪೂರ್ತಿ ಮುಚ್ಚಬೇಡಿ, ಇದ್ದಿಲ ಹೊಗೆ ಹೋಗಬೇಕು. ಗೋಡೆ ಬುಡ ಬೆಚ್ಚಗಾಯ್ತು ಅನ್ನಿ, ಆಮೇಲೆ ಒಂದೊಂದೇ ಇಕ್ಕಳ ಕೆಂಡ ತೆಗೀರಿ" ಎಂದಳು. ಬಸಲಿಂಗಮ್ಮ ಮಂಚದ ಕೆಳಗೆ ತೂರಿ ಕೆಳಕಿಂಡಿಗೆ ಕೈಯೊಡ್ಡಿ ಕೂತರು. ನಾನು ಬೀದಿಯ ನಡುವೆ. ಇತ್ತ ಮಗಳು, ಅತ್ತ ಕೂಸು, ಎತ್ತ ಓಡಬೇಕೆಂದು ತಿಳಿಯದೆ ಇಬ್ಬರ ಮಾತನ್ನೂ ಅತ್ತಿತ್ತ ದಾಟಿಸುತ್ತಿದ್ದೆ.

"ಬಂತು! ಬೆಚ್ಚಗೆ ಬಂತು!" ಎಂದರು ಬಸಲಿಂಗಮ್ಮ. "ಒಂದು ಇಕ್ಕಳ ತೆಗೆದೆ, ಹೇಳು ಅವಳಿಗೆ!"

"ಒಂದು ತೆಗೆದ್ರಂತೆ!"

"ಕೂಸಿನ ಕೈ ನೋಡಿ ಅಂತ ಹೇಳಿ!"

"ಕೈ ನೋಡಿ ಅಂತೆ!"

"ಹಂಗೇ ಐತೆ. ತಡಿ. ತಡಿ ಅನ್ನು!"

ತಡೆದೆವು. ಬೀದಿಯೇ ತಡೆಯಿತು. ಹೊತ್ತಲ್ಲದ ಹೊತ್ತಿಗೆ ವಾಪಸ್ಸು ಬಂದ ನನ್ನ ಗಂಡ ಸೈಕಲ್ ಹಿಡಿದು ನನ್ನ ಪಕ್ಕ ನಿಂತು, "ಏನು ನಡೀತಿದೆ ಇಲ್ಲಿ?" ಎಂದರು. "ಅಡ್ಡ ನಿಲ್ಲಬೇಡ್ರಿ, ಕಾವು ಹೋಗ್ತಾ ಇದೆ" ಎಂದೆ. ಅವರು ನಿಜವಾಗಿಯೂ ಸೈಕಲ್ ಸರಿಸಿಕೊಂಡು ಗೋಡೆಗೆ ಅಂಟಿ ನಿಂತರು. ಒಳಗಿಂದ ನಾಗವೇಣಿಯ ದನಿ ಬಂತು: "ಅತ್ತೇ, ಕೈ ಬೆರಳು ಬಿಸಿ ಆಗ್ತಿದೆ. ಇನ್ನೊಂದು ತೆಗೀರಿ. ಚಂಪಿಗೆ ತೆಗೀರಿ." ಆ ಮೇಲೆ ಕೆಂಡಗಳು ಒಂದೊಂದಾಗಿ ಹಿತ್ತಲ ಬೂದಿಗೆ ಹೋದವು. ಎರಡೂ ಅಗ್ಗಿಷ್ಟಿಕೆ ಬರಿದಾದಾಗ ಬಸಲಿಂಗಮ್ಮ ಮಸಿ ಕೈಯನ್ನು ಜಗಲಿಯ ಕಂಬಕ್ಕೆ ಒರೆಸಿ, "ನಮ್ಮನೆ ಬೆಂಕಿ ಆರ್ತು. ಇನ್ನು ಕೂಸಿಗೆ ನಿಮ್ಮನೆ ಕಾವೇ ದಾರಿ" ಎಂದರು.

ಮನೆಗೆ ಬಂದರೆ ಕೊಳವೆಯ ಬಾಯಲ್ಲಿ ಊದುಬತ್ತಿಯ ಹೊಗೆ ಬಾಗಿ, ನೆಲದ ಮೇಲೆ ಹರಿದು, ಗೋಡೆ ಹತ್ತಿ ಮೇಲುಕಿಂಡಿಯತ್ತ ಹೋಗುತ್ತಿತ್ತು. ಅರುಂಧತಿ ಮಗುವಿನ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಹೊದಿಸಿದ್ದಳು. "ಇಷ್ಟು ಹೊತ್ತು ಗಾಳಿ ಇರಲಿಲ್ಲ, ಒದ್ದೆ ಬಟ್ಟೆಯೂ ಕೆಲಸ ಮಾಡ್ತಿರಲಿಲ್ಲ. ಈಗ ಮಾಡುತ್ತೆ. ಕಾಯೋಣ" ಎಂದಳು. "ನಾನು ಎರಡು ಮನೆಗೆ ಎರಡು ನಕ್ಷೆ ಅಂದ್ಕೊಂಡಿದ್ದೆ ಅತ್ತಿಗೆ. ಒಂದೇ ಹಾಕಬೇಕಿತ್ತು." ನಾನು ಮಗಳ ಪಕ್ಕದಲ್ಲಿ ಕೂತು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಅಡುಗೆ ಆಗಿರಲಿಲ್ಲ. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಇತ್ತು. ಹಣೆ ಮುಟ್ಟಲು ಕೈ ಎತ್ತುತ್ತಿದ್ದೆ, ಇನ್ನೂ ಬಿಸಿಯಿದ್ದರೆ ಎಂಬ ಹೆದರಿಕೆಗೆ ಕೈ ಹಿಂದೆ ತೆಗೆಯುತ್ತಿದ್ದೆ. ಕೆನ್ನೆಯ ಕೆಂಪು ಇಳಿದಂತೆ ಕಂಡಿತು. ಬೆಳಕು ಇಳಿದದ್ದಕ್ಕೆ ಹಾಗೆ ಕಾಣುತ್ತಿದೆಯೋ ಏನೋ ಅಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಚಂಪಕ ಮಗ್ಗುಲಾದಳು. ಮೊಣಕಾಲು ಮಡಚಿ ಹೊಟ್ಟೆಗೆ ಎಳೆದುಕೊಂಡು, ಕಣ್ಣು ಮುಚ್ಚಿಕೊಂಡೇ, "ಅಮ್ಮಾ, ಚಳಿ" ಎಂದಳು.

ಜ್ವರ ಏರುವ ಮುಂಚಿನ ನಡುಕ ಇರಬೇಕು ಎಂದು ಹಣೆಗೆ ಕೈಯಿಟ್ಟೆ, ಕುತ್ತಿಗೆಗೆ ಇಟ್ಟೆ, ಕಂಕುಳಿಗೆ ಇಟ್ಟೆ. ಎಲ್ಲೂ ಬಿಸಿ ಇರಲಿಲ್ಲ. ತೋಳ ಮೇಲೆ ಸಣ್ಣಗೆ ರೋಮ ಎದ್ದಿತ್ತು. ಈ ಬೇಸಿಗೆಯ ನಡುಮಧ್ಯದಲ್ಲಿ ನನ್ನ ಮಗಳಿಗೆ ಚಳಿಯಾಗುತ್ತಿತ್ತು, ಬರೀ ಚಳಿ. ಒದ್ದೆ ಬಟ್ಟೆ ತೆಗೆದು ಒಣ ಲಂಗ ಸುತ್ತಿದೆ. ಹೊದಿಕೆಗಳೆಲ್ಲ ಅಟ್ಟದ ಮೇಲೆ ಗಂಟಾಗಿ ಕೂತಿದ್ದವು. ತರಲು ಅರುಂಧತಿ ಏಣಿ ಹುಡುಕುತ್ತಾ ಹೋದಳು. ನಾನು ಏಳಲಿಲ್ಲ. ಆ ಎರಡು ಪುಟ್ಟ ಪಾದಗಳನ್ನು ಎತ್ತಿ, ಸೆರಗು ಸರಿಸಿ, ನನ್ನ ಹೊಟ್ಟೆಗೆ ಒತ್ತಿಕೊಂಡೆ.

"ಏನಂದೆ ಪುಟ್ಟ?"

"ಚಳಿ."

"ಇನ್ನೊಂದು ಸಲ ಹೇಳು."

"ಚಳೀ ಅಂದ್ನಲ್ಲಮ್ಮಾ," ಎಂದು ಗದರಿ, ತಣ್ಣನೆಯ ಬೆರಳುಗಳನ್ನು ನನ್ನ ಹೊಟ್ಟೆಯಲ್ಲಿ ಇನ್ನಷ್ಟು ಒಳಗೆ ತುರುಕಿದಳು.